ಮಾಡಿನ ಮೇಲೆ ಮಂಗ, ಮಗನ ಹೊಟ್ಟೆಯಲ್ಲಿ ಹುಳು

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೆಬ್ರಿಯಿಂದ ಸ್ವಲ್ಪ ಒಳಗೆ, ಕಾಡಿನ ಅಂಚಿನ ಮನೆ. ಚೂರು ಅಡಿಕೆ ತೋಟ ಇದೆ, ಅಂಗಳದ ಬದಿಯಲ್ಲೇ ಬಾವಿ. ಎರಡು ಮೂರು ವರ್ಷದಿಂದ ಮಂಗಗಳ ಕಾಟ ವಿಪರೀತ. ಹೆಂಚಿನ ಮಾಡು, ನೀರಿನ ಟ್ಯಾಂಕಿ, ಬಾವಿಕಟ್ಟೆ ಎಲ್ಲಾ ಕಡೆ ಗಲೀಜು ಮಾಡಿ ಹೋಗುತ್ತವೆ. ನನ್ನ ಐದು ವರ್ಷದ ಮಗ ರಾತ್ರಿ ಹಿಂದೆ ತುರಿಸುತ್ತದೆ ಅಂತ ಅಳುತ್ತಾನೆ. ನೋಡಿದರೆ ಬಿಳಿ ದಾರದ ತುಂಡಿನಂಥ ಹುಳು. ಮಾತ್ರೆ ಕೊಟ್ಟರೆ ಒಂದು ತಿಂಗಳು ಸರಿ ಇರುತ್ತದೆ, ಮತ್ತೆ ಶುರು. ಇದು ಮಂಗನಿಂದಲೇ ಬಂದದ್ದು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಂಗ ಹಿಡಿಯುವವರನ್ನು ಕರೆಸುತ್ತೇನೆ ಅಂತ ನಮ್ಮ ಯಜಮಾನರು ಹೊರಟಿದ್ದಾರೆ. ಅತ್ತೆಗೆ ಉಬ್ಬಸ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಆದರೂ ತೋಟದಲ್ಲಿ ಬರಿಗಾಲಲ್ಲೇ ಅಡಿಕೆ ಹೆಕ್ಕುತ್ತಾರೆ. ಮಂಗನ ಮಲದಿಂದ ನಮಗೆ ಏನೆಲ್ಲಾ ಬರಬಹುದು? ಇದನ್ನೇ ಮಂಗನ ಕಾಯಿಲೆ ಅನ್ನುವುದಾ?

ಉತ್ತರ: ಅಕ್ಕ, ಮೊದಲು ಮಗನ ವಿಷಯ ಮುಗಿಸಿಬಿಡೋಣ. ಅವನ ಹೊಟ್ಟೆಯ ಹುಳು ಮಂಗ ಕೊಟ್ಟದ್ದಲ್ಲ. ಅಂಗನವಾಡಿಯಲ್ಲಿ ಪಕ್ಕ ಕೂರುವ ಗೆಳೆಯನೋ ಗೆಳತಿಯೋ ಕೊಟ್ಟಿರಬೇಕು. ಅಥವಾ ಮನೆಯಲ್ಲೇ ಯಾರಲ್ಲೋ ಸದ್ದಿಲ್ಲದೆ ಕೂತಿದೆ.

ಬಿಳಿ ದಾರದ ತುಂಡು, ರಾತ್ರಿಯ ತುರಿಕೆ, ತಿಂಗಳಿಗೆ ಮತ್ತೆ ಹಾಜರ್. ಈ ಮೂರೂ ಒಟ್ಟಿಗೆ ಬಂದರೆ ಅದು ಪಿನ್‌ವರ್ಮ್, ಅಂದರೆ ದಾರದಂಥ ಸಣ್ಣ ಹುಳು. ಇದು ಮನುಷ್ಯರ ಹುಳು. ಮಂಗಗಳಿಗೆ ಅವುಗಳದ್ದೇ ಬೇರೆ ಜಾತಿ ಇದೆ. ಮಗು ಮಲಗಿದ ಮೇಲೆ ಹೆಣ್ಣುಹುಳು ಹೊರಗೆ ಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ. ತುರಿಕೆ ಅದಕ್ಕೇ. ತುರಿಸಿದ ಬೆರಳಿನ ಉಗುರಿಗೆ ಮೊಟ್ಟೆ ಹೋಗುತ್ತದೆ, ಬೆರಳು ಬಾಯಿಗೆ ಹೋಗುತ್ತದೆ. ಚಾಪೆ, ಚಾದರ, ಆಟದ ಸಾಮಾನು ಎಲ್ಲಕ್ಕೂ ಅಂಟುತ್ತದೆ. ಇಟ್ಟ ಮೊಟ್ಟೆ ಕೆಲವೇ ಗಂಟೆಯಲ್ಲಿ ಇನ್ನೊಬ್ಬರ ಹೊಟ್ಟೆ ಸೇರಲು ತಯಾರಾಗುತ್ತದೆ.

ಮಾತ್ರೆ ಕೊಟ್ಟರೂ ಯಾಕೆ ವಾಪಸ್ ಬರುತ್ತದೆ ಅಂದರೆ, ನೀವು ಮಗನಿಗೆ ಮಾತ್ರ ಕೊಟ್ಟಿರಿ. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಹಾಗಾಗಿ ಮನೆಯವರೆಲ್ಲ ಒಂದೇ ದಿನ ತೆಗೆದುಕೊಂಡು, ಎರಡು ವಾರ ಬಿಟ್ಟು ಇನ್ನೊಮ್ಮೆ ತೆಗೆದುಕೊಳ್ಳುವುದು ಕ್ರಮ. ಅತ್ತೆಯವರಿಗೂ ಬೇಕು. ಆದರೆ ಅವರ ವಿಷಯ ಬೇರೆ ಇದೆ, ಕೆಳಗೆ ಹೇಳುತ್ತೇನೆ. ಯಾರಿಗೆ ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ನಾನು ದನದ ಡಾಕ್ಟ್ರು, ಮನುಷ್ಯರಿಗೆ ಮದ್ದು ಬರೆಯುವುದಿಲ್ಲ. ಮಗನ ಉಗುರು ಕತ್ತರಿಸಿ. ಬೆಳಿಗ್ಗೆ ಎದ್ದ ಕೂಡಲೇ ಹಿಂದೆ ಚೆನ್ನಾಗಿ ತೊಳೆಯಿರಿ. ಚಾದರ ಕುದಿನೀರಿನಲ್ಲಿ ಹಾಕಿ. ಮಲಪರೀಕ್ಷೆಯಲ್ಲಿ ಈ ಹುಳು ಹೆಚ್ಚಾಗಿ ಸಿಕ್ಕುವುದಿಲ್ಲ, ಅದಕ್ಕೆ ರಿಪೋರ್ಟ್ ನಾರ್ಮಲ್ ಬಂದರೂ ನಂಬಿ ಕೂರಬೇಡಿ. ಬೆಳಿಗ್ಗೆ ತೊಳೆಯುವ ಮೊದಲು ಸೆಲ್ಲೋಟೇಪ್ ಅಂಟಿಸಿ ತೆಗೆದು ಗಾಜಿನ ಪಟ್ಟಿಗೆ ಹಾಕಿಕೊಟ್ಟರೆ ಲ್ಯಾಬಿನಲ್ಲಿ ಮೊಟ್ಟೆ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಮಂಗ ಪೂರ್ತಿ ಸಾಚಾ ಅಂತ ತಿಳಿಯಬೇಡಿ. ನಿಮ್ಮ ನೆರೆಯವರು ಹುಳು ತಪ್ಪು ಹಿಡಿದರು, ಹೆದರಿಕೆ ಪೂರ್ತಿ ತಪ್ಪಲ್ಲ.

ನಿಮ್ಮ ಮಾಡಿನ ಮೇಲೆ ಕುಣಿಯುವುದು ತಲೆಗೆ ಟೋಪಿ ಇಟ್ಟ ಹಾಗೆ ಕೂದಲಿರುವ ನಮ್ಮ ಮಾಮೂಲಿ ಮಂಗ. ಕಪ್ಪು ಮುಖದ, ಉದ್ದ ಬಾಲದ ಮುಸುವ ಬೇರೆ. ಮುಸುವ ಹೆಚ್ಚಾಗಿ ಎಲೆ ತಿನ್ನುವ ಪ್ರಾಣಿ. ಮಂಗ ಹಾಗಲ್ಲ. ಹಣ್ಣು, ಹುಳ, ಬೊಂಡ, ಅನ್ನ, ಚಿಪ್ಸ್ ಯಾವುದೂ ಬಿಡುವುದಿಲ್ಲ. ನೆಲಕ್ಕಿಳಿದು ಮಣ್ಣು ಕೆದಕುತ್ತದೆ, ಸಿಕ್ಕಿದ್ದನ್ನು ಕೆನ್ನೆಯ ಚೀಲಕ್ಕೆ ತುಂಬುತ್ತದೆ. ಹೀಗೆ ನೆಲದಲ್ಲಿ ಬದುಕುವ ಪ್ರಾಣಿಯ ಹೊಟ್ಟೆಯಲ್ಲಿ ನೆಲದ ಹುಳು ಇರುವುದು ಸಹಜ. ಚಾಟಿಹುಳು, ಕೊಕ್ಕೆಹುಳು, ಕರುಳಿನ ಗೋಡೆಯಲ್ಲಿ ಗಂಟು ಕಟ್ಟುವ ಗಂಟುಹುಳು, ಸ್ಟ್ರಾಂಗಿಲಾಯ್ಡಿಸ್ ಅನ್ನುವ ಕೂದಲಿಗಿಂತ ತೆಳುವಾದ ಹುಳು, ಕೆಲವು ಲಾಡಿಹುಳು. ಇವುಗಳ ಜೊತೆಗೆ ಕಣ್ಣಿಗೆ ಕಾಣದ ಅಮೀಬಾ, ಜಿಯಾರ್ಡಿಯಾ, ಬ್ಯಾಲಂಟಿಡಿಯಂ ಥರದ ಜೀವಿಗಳು. ಕಾಡಿನ ಮಂಗದ ಮಲವನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಏನೂ ಇಲ್ಲದ ಸ್ಲೈಡೇ ಅಪರೂಪ. ಹಾಗಂತ ಮಂಗ ರೋಗಿಯಲ್ಲ. ಅಷ್ಟು ಹುಳು ಹೊತ್ತುಕೊಂಡೇ ಅದು ನಿಮ್ಮ ಸೀಯಾಳ ಕಿತ್ತು ಓಡುವುದು.

ಇನ್ನು ಮುಖ್ಯ ವಿಷಯ. ಮಂಗನ ಮಲದಲ್ಲಿ ಹುಳುವಿನ ಮೊಟ್ಟೆ ಇದೆ ಅಂದ ಮಾತ್ರಕ್ಕೆ ಅದು ಆ ಕ್ಷಣದಲ್ಲೇ ನಿಮಗೆ ಅಂಟುವುದಿಲ್ಲ. ಹೆಚ್ಚಿನ ಹುಳುಗಳ ಮೊಟ್ಟೆ ಹೊರಗೆ ಬಿದ್ದಾಗ ಕಾಯಿ. ಮಣ್ಣಿನಲ್ಲಿ ಹಣ್ಣಾಗಬೇಕು. ಚಾಟಿಹುಳುವಿನ ಮೊಟ್ಟೆಗೆ ಎರಡು ಮೂರು ವಾರ ಬೇಕು. ದುಂಡುಹುಳುವಿಗೂ ಹೆಚ್ಚುಕಡಿಮೆ ಅಷ್ಟೇ. ಕೊಕ್ಕೆಹುಳು ಸ್ವಲ್ಪ ಅವಸರದ್ದು. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಮರಿ ಹೊರಗೆ ಬರುತ್ತದೆ, ಐದರಿಂದ ಹತ್ತು ದಿನದಲ್ಲಿ ಮರಿ ಚರ್ಮ ತೂರುವಷ್ಟು ಬಲಿಯುತ್ತದೆ. ಅಂದರೆ ಇವತ್ತು ಬೆಳಿಗ್ಗೆ ಬಿದ್ದದ್ದನ್ನು ಇವತ್ತೇ ತೆಗೆದರೆ, ಹುಳುವಿನ ಮಟ್ಟಿಗೆ ಕೆಲಸ ಬಹುಪಾಲು ಮುಗಿಯಿತು. ವಾರ ಬಿಟ್ಟು ಒಣಗಿದ ಮೇಲೆ, ‘ಈಗ ನಾತ ಇಲ್ಲ, ಗುಡಿಸಿದರಾಯಿತು’ ಅಂತ ಹೋಗುತ್ತೇವಲ್ಲ, ಆಗಲೇ ಅಪಾಯ ಜಾಸ್ತಿ. ನಾತ ಬರುವಾಗ ಹುಳು ಕಾಯಿ, ನಾತ ಹೋದಾಗ ಹಣ್ಣು. ಸ್ಟ್ರಾಂಗಿಲಾಯ್ಡಿಸ್ ಮಾತ್ರ ಇನ್ನೂ ಚುರುಕು, ಎರಡು ಮೂರು ದಿನ ಸಿಕ್ಕಿದರೂ ಅದಕ್ಕೆ ಸಾಕು.

ನಮ್ಮ ಕರಾವಳಿ ಇವುಗಳಿಗೆ ಹೇಳಿ ಮಾಡಿಸಿದ ಜಾಗ. ಕೊಕ್ಕೆಹುಳುವಿನ ಮರಿಗೆ ಬೇಕಾದದ್ದು ನೆರಳು, ತೇವ, ಸೆಕೆ. ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತದೆ. ಅಡಿಕೆ ತೋಟದಲ್ಲಿ ನೆರಳು ಇದೆ, ತರಗೆಲೆ ಇದೆ, ಮಳೆಗಾಲ ಇಡೀ ನೀರು ಇದೆ. ಬೇಸಿಗೆಯಲ್ಲಾದರೂ ನೆಲ ಒಣಗುತ್ತದೆ ಅಂದರೆ ಸ್ಪ್ರಿಂಕ್ಲರ್ ಬಿಡುತ್ತೇವೆ. ಬಯಲು ಸೀಮೆಯಲ್ಲಿ ಏಪ್ರಿಲ್ ಬಿಸಿಲು ಮಾಡುವ ಕೆಲಸವನ್ನು ನಮ್ಮ ತೋಟದಲ್ಲಿ ಯಾರೂ ಮಾಡುವುದಿಲ್ಲ. ಬೊಗಸೆ ಮಣ್ಣಿನಲ್ಲಿ ಮರಿಗಳು ಮೂರು ನಾಲ್ಕು ವಾರ ಕಾಲಿಗಾಗಿ ಕಾಯುತ್ತಾ ಕೂರಬಲ್ಲವು.

ಆದರೆ ತೋಟದಲ್ಲಿ ನಿಮ್ಮ ಕಾಲು ತೂರುವ ಕೊಕ್ಕೆಹುಳು ಮಂಗದ್ದೇ ಅಂತ ಹೇಳಲು ಆಗುವುದಿಲ್ಲ. ಮನುಷ್ಯರದ್ದು ಇರಬಹುದು, ನಾಯಿಯದ್ದು ಇರಬಹುದು. ನನ್ನನ್ನು ಕೇಳಿದರೆ ಮಂಗಕ್ಕಿಂತ ನಾಯಿಗೇ ಹೆಚ್ಚು ಹೆದರಬೇಕು. ನಾಯಿಯ ಕೊಕ್ಕೆಹುಳುವಿನ ಒಂದು ಜಾತಿ ಮನುಷ್ಯರ ಕರುಳಿನಲ್ಲೂ ಬೆಳೆಯುತ್ತದೆ. ಇನ್ನೊಂದು ಜಾತಿ ಒಳಗೆ ಹೋಗಲು ದಾರಿ ಸಿಕ್ಕದೆ ಚರ್ಮದ ಅಡಿಯಲ್ಲೇ ಹಾವಿನ ಹಾಗೆ ಗೆರೆ ಎಳೆಯುತ್ತಾ ಹರಿದಾಡುತ್ತದೆ. ನಾಯಿ ಓಡಾಡುವ ಕಡಲ ಮರಳಿನಲ್ಲಿ ಕೂತು ಬಂದವರಿಗೆ ಇದು ಬರುತ್ತದೆ. ನಿಮ್ಮ ಮನೆ ನಾಯಿಗೆ ಹುಳದ ಮದ್ದು ಯಾವಾಗ ಕೊಟ್ಟಿರಿ? ಮಂಗನ ಬಗ್ಗೆ ಇಷ್ಟುದ್ದ ಬರೆದ ಕಾಗದದಲ್ಲಿ ನಾಯಿಯ ಸುದ್ದಿಯೇ ಇಲ್ಲ, ಅದಕ್ಕೆ ಕೇಳಿದೆ.

ಇಲ್ಲಿ ನನ್ನದೇ ಒಂದು ಮರ್ಯಾದೆ ಹೋದ ಕಥೆ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಘಾಟಿ ಬುಡದಿಂದ ತಂದ ಮಂಗನ ಮಲ ನೋಡಿ, ‘ಕೊಕ್ಕೆಹುಳು ಭರ್ತಿ ಇದೆ’ ಅಂತ ಧೈರ್ಯವಾಗಿ ಬರೆದುಕೊಟ್ಟೆ. ನಮ್ಮ ಹಿರಿಯರೊಬ್ಬರು ಏನೂ ಹೇಳಲಿಲ್ಲ. ಅದೇ ಮಲವನ್ನು ಇದ್ದಿಲು ಪುಡಿಯ ಜೊತೆ ಕಲಸಿ, ನೀರು ಚಿಮುಕಿಸಿ, ಒಂದು ವಾರ ಮುಚ್ಚಿಡು ಅಂದರು. ವಾರ ಬಿಟ್ಟು ನೋಡಿದರೆ ಮರಿಗಳ ಬಾಲ ಉದ್ದ, ಎಳೆಯ ಹಾಗೆ ಚಾಚಿಕೊಂಡಿದೆ. ಕೊಕ್ಕೆಹುಳು ಅಲ್ಲ, ಗಂಟುಹುಳು. ಮೊಟ್ಟೆಯ ಹಂತದಲ್ಲಿ ಎರಡೂ ಅಣ್ಣ ತಮ್ಮ ಇದ್ದ ಹಾಗೆ, ಬೇರೆ ಮಾಡಲು ಬರುವುದಿಲ್ಲ. ಗಂಟುಹುಳು ಪಶ್ಚಿಮ ಆಫ್ರಿಕದಲ್ಲಿ, ಟೋಗೊ ಮತ್ತು ಘಾನಾ ದೇಶಗಳ ಉತ್ತರ ಭಾಗದಲ್ಲಿ, ಮನುಷ್ಯರನ್ನೂ ಕಾಡುತ್ತದೆ. ನಮ್ಮಲ್ಲಿ ಅದು ಮಂಗಗಳ ಮತ್ತು ಜಾನುವಾರುಗಳ ಹುಳು ಅಂತಲೇ ಲೆಕ್ಕ. ಆ ದಿನದಿಂದ ‘ಮಂಗದಲ್ಲೂ ಕೊಕ್ಕೆಹುಳು, ಮನುಷ್ಯನಲ್ಲೂ ಕೊಕ್ಕೆಹುಳು, ಆದ್ದರಿಂದ ಮಂಗನಿಂದ ಬಂತು’ ಅಂತ ಯಾರಾದರೂ ಹೇಳಿದರೆ, ಮರಿ ಮಾಡಿಸಿ ನೋಡಿದಿರಾ ಅಂತ ಕೇಳುವುದು ನನ್ನ ಚಾಳಿ.

ಅಮೀಬಾದ್ದೂ ಇದೇ ಕಥೆ. ಮಲಪರೀಕ್ಷೆಯ ರಿಪೋರ್ಟಿನಲ್ಲಿ ಹಿಸ್ಟೊಲಿಟಿಕಾ ಅಂತ ಬರೆದು ಕೊಡುತ್ತಾರೆ, ಮನೆಯವರು ಗಾಬರಿಯಾಗುತ್ತಾರೆ. ಕರುಳಿನಲ್ಲಿ ಹುಣ್ಣು ಮಾಡುವ ಹಿಸ್ಟೊಲಿಟಿಕಾ, ಸುಮ್ನೆ ಕೂತಿರುವ ಡಿಸ್ಪಾರ್, ಮಂಗಗಳಲ್ಲಿ ಇರುವ ನಟ್ಟಲಿ, ಈ ಮೂರೂ ಮೈಕ್ರೋಸ್ಕೋಪಿನಲ್ಲಿ ಒಂದೇ ಥರ. ಪಿಸಿಆರ್ ಅನ್ನುವ ವಂಶವಾಹಿ ಪರೀಕ್ಷೆಯಂಥದ್ದು ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಮಂಗದಿಂದ ಮನುಷ್ಯರಿಗೆ ದಾಟುವುದು ಸುಳ್ಳು ಅಂತಲ್ಲ. ಬೆಲ್ಜಿಯಂ ದೇಶದ ಒಂದು ಮೃಗಾಲಯದಲ್ಲಿ ವಾನರಗಳನ್ನು ನೋಡಿಕೊಳ್ಳುವ ಕೆಲಸಗಾರರಿಗೆ ನಟ್ಟಲಿ ಅಮೀಬಾ ಮತ್ತು ಚಾಟಿಹುಳು ದಾಟಿದ್ದನ್ನು 2015ರಲ್ಲಿ ವಿಜ್ಞಾನಿಗಳು ವಂಶವಾಹಿ ಪರೀಕ್ಷೆ ಮಾಡಿಯೇ ತೋರಿಸಿದರು. ಆ ಕೆಲಸಗಾರರಿಗೆ ಕಾಯಿಲೆ ಏನೂ ಇರಲಿಲ್ಲ ಅನ್ನುವುದನ್ನೂ ಸೇರಿಸಿ ಓದಬೇಕು. ಅವರದ್ದು ದಿನಾ ಗೂಡು ತೊಳೆಯುವ ಕೆಲಸ, ಅಂಥವರಿಗೇ ಇಷ್ಟು.

ಈ ಕಣ್ಣಿಗೆ ಕಾಣದವುಗಳಿಗೆ ನಾನು ಮೇಲೆ ಹೇಳಿದ ಕಾಯಿ ಹಣ್ಣಿನ ಲೆಕ್ಕ ಇಲ್ಲ. ಜಿಯಾರ್ಡಿಯಾ, ಅಮೀಬಾ, ಕ್ರಿಪ್ಟೊಸ್ಪೊರಿಡಿಯಂ ಇವೆಲ್ಲ ಮಲದಲ್ಲಿ ಹೊರಬಿದ್ದ ಕೂಡಲೇ ತಯಾರು. ಇವುಗಳ ದಾರಿ ನೀರು. ಆದ್ದರಿಂದ ನಿಮ್ಮ ಕಾಗದದಲ್ಲಿ ನನಗೆ ಚಿಂತೆ ಆದದ್ದು ತೋಟಕ್ಕಿಂತ ಜಾಸ್ತಿ ಬಾವಿಕಟ್ಟೆ ಮತ್ತು ಟ್ಯಾಂಕಿ.

ಟ್ಯಾಂಕಿಗೆ ಮುಚ್ಚಳ ಇದೆಯಾ? ಇದ್ದರೆ ತಿರುಗಿಸಿ ಬಿಗಿ ಮಾಡುವಂಥದ್ದಾ, ಸುಮ್ನೆ ಇಟ್ಟದ್ದಾ? ಸುಮ್ನೆ ಇಟ್ಟ ಮುಚ್ಚಳ ಮಂಗಕ್ಕೆ ಆಟದ ಸಾಮಾನು. ಕಲ್ಲು ಹೇರಿದರೂ ಪ್ರಯೋಜನ ಇಲ್ಲ, ಕಲ್ಲನ್ನೇ ಒಳಗೆ ಹಾಕುತ್ತದೆ. ತಂತಿ ಹಾಕಿ ಕಟ್ಟಿ. ಬಾವಿಗೆ ಬಲೆ ಹಾಕಿದ್ದೇವೆ ಅಂತ ಎಷ್ಟೋ ಜನ ಹೇಳುತ್ತಾರೆ. ಬಲೆ ಎಲೆಗೆ, ಹಕ್ಕಿಗೆ, ಬೆಕ್ಕಿಗೆ ಸರಿ. ಬಲೆಯ ಮೇಲೆ ಕೂತ ಮಂಗ ಎಲ್ಲಿಗೆ ಗಲೀಜು ಮಾಡುತ್ತದೆ? ಬಾವಿಕಟ್ಟೆಯ ಸುತ್ತ ಸಿಮೆಂಟಿನ ಇಳಿಜಾರು ಇರಲಿ, ತೊಳೆದ ನೀರು ಬಾವಿಯಿಂದ ದೂರ ಹರಿಯಲಿ. ಬಾವಿಯ ಮೇಲೆ ಬಾಗಿದ ಕೊಂಬೆ ಇದ್ದರೆ ಕಡಿಸಿ.

ಇನ್ನೊಂದು ವಿಷಯ ನಮ್ಮ ಊರಿನವರಿಗೇ ಹೇಳಬೇಕಾದದ್ದು. ಮಾಡಿನ ಮಳೆನೀರನ್ನು ಪೈಪಿನಲ್ಲಿ ಬಾವಿಗೆ ಬಿಡುವ ಕ್ರಮ ಈಗ ಕೆಲವು ಮನೆಗಳಲ್ಲಿದೆ. ಒಳ್ಳೆಯ ಕೆಲಸ. ಆದರೆ ಬೇಸಿಗೆ ಇಡೀ ಮಂಗ ಕುಣಿದ ಮಾಡಿನ ಮೊದಲ ಮಳೆಯ ನೀರು ಅಂದರೆ ಏನು ಅಂತ ಒಮ್ಮೆ ಯೋಚನೆ ಮಾಡಿ. ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡಲು ಪೈಪಿಗೆ ಒಂದು ವಾಲ್ವ್ ಹಾಕಿಸಿ. ಮರಳು ಇದ್ದಿಲಿನ ಸೋಸು ತೊಟ್ಟಿ ಇದ್ದರೂ ಇದು ಬೇಕು.

ಬ್ಲೀಚಿಂಗ್ ಪುಡಿ ಹಾಕಿದ್ದೇವಲ್ಲ ಅಂತ ಕೇಳುತ್ತೀರಿ. ಅದು ಭೇದಿಯ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಮದ್ದು. ಕ್ರಿಪ್ಟೊಸ್ಪೊರಿಡಿಯಂಗೆ ಕ್ಲೋರಿನ್ ಲೆಕ್ಕಕ್ಕೇ ಇಲ್ಲ. ದುಂಡುಹುಳುವಿನ ಮೊಟ್ಟೆಗೂ ಅದು ನಾಟುವುದಿಲ್ಲ. ಕುದಿಯುವ ನೀರಿಗೆ ಮಾತ್ರ ಎಲ್ಲವೂ ಸಾಯುತ್ತವೆ. ಗಳಗಳ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಕುದಿಸಿದ ನೀರು ಕುಡಿಯುವ ಅಭ್ಯಾಸ ನಮ್ಮ ಕಡೆ ಮೊದಲೇ ಇದೆ, ಆದರೆ ನಾವೇ ಅದನ್ನು ಹಾಳು ಮಾಡುತ್ತೇವೆ. ನೆಂಟರು ಬಂದಾಗ ಸುಡುತ್ತದೆ ಅಂತ ಕುದಿಸಿದ ನೀರಿಗೆ ಅರ್ಧ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಕೊಡುವುದಿಲ್ವಾ? ಆ ತಣ್ಣೀರು ಬಂದದ್ದು ಅದೇ ಬಾವಿಯಿಂದ.

ಇನ್ನು ಅತ್ತೆಯವರು. ನಿಮ್ಮ ಇಡೀ ಕಾಗದದಲ್ಲಿ ನಾನು ಎರಡು ಸಲ ಓದಿದ ಸಾಲು ಅದು. ಉಬ್ಬಸ, ಸ್ಟೀರಾಯ್ಡ್ ಮಾತ್ರೆ, ಬರಿಗಾಲು.

ಸ್ಟ್ರಾಂಗಿಲಾಯ್ಡಿಸ್ ಹುಳು ಬಹಳ ವಿಚಿತ್ರದ್ದು. ಉಳಿದ ಹುಳುಗಳು ಒಳಗೆ ಬಂದಷ್ಟೇ ಇರುತ್ತವೆ, ವಯಸ್ಸಾಗಿ ಸಾಯುತ್ತವೆ. ಇದು ಒಳಗೇ ಮರಿ ಹಾಕಿ, ಆ ಮರಿ ಮತ್ತೆ ಕರುಳನ್ನೋ ಚರ್ಮವನ್ನೋ ತೂರಿ, ತನ್ನ ಸಂತತಿಯನ್ನು ಅದೇ ದೇಹದಲ್ಲಿ ಮುಂದುವರಿಸುತ್ತದೆ. ಹೊಸದಾಗಿ ಮಣ್ಣು ಮೆಟ್ಟದಿದ್ದರೂ ಹತ್ತಾರು ವರ್ಷ ಇರುತ್ತದೆ. ದೇಹಕ್ಕೆ ಶಕ್ತಿ ಇರುವ ತನಕ ಅದು ಅಂಕೆಯಲ್ಲಿರುತ್ತದೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಆವಾಗಾವಾಗ ಹೊಟ್ಟೆನೋವು, ತುರಿಕೆ, ರಕ್ತಪರೀಕ್ಷೆಯಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಜಾಸ್ತಿ, ಅಷ್ಟೇ. ಅಂಥವರಿಗೆ ಸ್ಟೀರಾಯ್ಡ್ ಶುರುವಾದರೆ ಅಂಕೆ ತಪ್ಪುತ್ತದೆ. ಮರಿಗಳು ಸಾವಿರಗಟ್ಟಲೆ ಆಗಿ ಶ್ವಾಸಕೋಶ, ಮಿದುಳು ಎಲ್ಲಾ ಕಡೆ ನುಗ್ಗುತ್ತವೆ, ಕರುಳಿನ ಬ್ಯಾಕ್ಟೀರಿಯಾವನ್ನೂ ಹೊತ್ತುಕೊಂಡು ಹೋಗುತ್ತವೆ. ಹಾಗಾದವರಲ್ಲಿ ಸಾಯುವವರೇ ಹೆಚ್ಚು. ಇನ್ನೂ ಕೆಟ್ಟದ್ದು ಅಂದರೆ, ಶ್ವಾಸಕೋಶದಲ್ಲಿ ಈ ಹುಳು ಓಡಾಡುವಾಗ ಬರುವ ಕೆಮ್ಮು, ಏದುಸಿರು ನೋಡಿದರೆ ಉಬ್ಬಸ ಜೋರಾಯಿತು ಅನ್ನಿಸುತ್ತದೆ. ಮನೆಯವರು ಸ್ಟೀರಾಯ್ಡ್ ಇನ್ನೊಂದು ಮಾತ್ರೆ ಜಾಸ್ತಿ ಕೊಡುತ್ತಾರೆ.

ಮಂಗಗಳಲ್ಲಿ ಈ ಹುಳುವಿನ ತಮ್ಮನಂಥ ಜಾತಿ ಇದೆ, ಫ್ಯುಲೆಬೋರ್ನಿ ಅನ್ನುತ್ತಾರೆ. ಆಫ್ರಿಕದಲ್ಲಿ, ಆಗ್ನೇಯ ಏಷ್ಯದಲ್ಲಿ ಅದು ಮನುಷ್ಯರಲ್ಲೂ ಸಿಕ್ಕಿದೆ. ಆದರೆ ಅತ್ತೆಯವರ ಮಟ್ಟಿಗೆ ನನ್ನ ಭಯ ಮಂಗನ ಜಾತಿಯದ್ದಲ್ಲ, ನಮ್ಮದೇ ಮನುಷ್ಯರ ಜಾತಿಯದ್ದು. ಎಷ್ಟೋ ವರ್ಷ ಬರಿಗಾಲಲ್ಲಿ ಗದ್ದೆ, ತೋಟ ಮಾಡಿದವರ ದೇಹದಲ್ಲಿ ಅದು ಮೊದಲೇ ಇರಬಹುದು. ಮುಂದಿನ ಸಲ ಉಬ್ಬಸದ ಡಾಕ್ಟರ ಹತ್ತಿರ ಹೋದಾಗ, ‘ಸ್ಟ್ರಾಂಗಿಲಾಯ್ಡಿಸ್ ಪರೀಕ್ಷೆ ಮಾಡಿಸಬೇಕಾ?’ ಅಂತ ಈ ಹೆಸರನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ಒಂದು ಸಲದ ಮಲಪರೀಕ್ಷೆಯಲ್ಲಿ ಇದು ತಪ್ಪಿಸಿಕೊಳ್ಳುತ್ತದೆ, ಬೇರೆ ಬೇರೆ ದಿನ ಮೂರು ಸಲವಾದರೂ ನೋಡಬೇಕು, ರಕ್ತಪರೀಕ್ಷೆಯೂ ಇದೆ. ಮನೆಯವರೆಲ್ಲ ತೆಗೆದುಕೊಳ್ಳುವ ಒಂದು ಆಲ್ಬೆಂಡಝೋಲ್ ಮಾತ್ರೆ ಇದಕ್ಕೆ ಸಾಲುವುದಿಲ್ಲ. ಇದರ ಮದ್ದು ಐವರ್‌ಮೆಕ್ಟಿನ್, ಅದನ್ನು ಡಾಕ್ಟರೇ ತೂಕ ನೋಡಿ ಕೊಡಬೇಕು. ಮತ್ತೆ, ಸ್ಟೀರಾಯ್ಡನ್ನು ಹೆದರಿ ತಟ್ಟನೆ ನಿಲ್ಲಿಸಬೇಡಿ. ಅದು ಬೇರೆ ಅಪಾಯ.

ಹಾಗೇ ಒಂದು ಜೊತೆ ಗಮ್‌ಬೂಟ್ ತಂದುಕೊಡಿ. ಹಾಕುವುದಿಲ್ಲ ಅಂತಾರೆ, ನನಗೆ ಗೊತ್ತು. ನನ್ನ ಅಮ್ಮನೂ ಹಾಕಲಿಲ್ಲ. ತೋಟದಲ್ಲಿ ಜಾರುತ್ತದೆ, ಬೆವರುತ್ತದೆ, ಬೂಟು ಹಾಕಿದರೆ ಹಾವು ಗೊತ್ತಾಗುವುದಿಲ್ಲ ಅಂತ ನೂರು ಕಾರಣ. ಮುಚ್ಚಿದ ಪ್ಲಾಸ್ಟಿಕ್ ಚಪ್ಪಲಿಯಾದರೂ ಇರಲಿ. ಹವಾಯಿ ಚಪ್ಪಲಿಯಲ್ಲಿ ಕೆಸರು ಬೆರಳ ಸಂದಿಗೆ ಬಂದೇ ಬರುತ್ತದೆ, ಕೊಕ್ಕೆಹುಳು ತೂರುವುದು ಅಲ್ಲೇ.

ಲಾಡಿಹುಳುವಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಪರೂಪ, ಆದರೆ ಇದು ಮಾತ್ರ ನಿಜವಾಗಿ ಮಂಗದ್ದೇ. ಬರ್ಟಿಯೆಲ್ಲಾ ಅಂತ ಹೆಸರು. ಮಂಗನ ಮಲದ ಮೊಟ್ಟೆಯನ್ನು ಮಣ್ಣಿನಲ್ಲಿರುವ ಒಂದು ಬಗೆಯ ಸಣ್ಣ ನುಸಿ ತಿನ್ನುತ್ತದೆ. ಆ ನುಸಿಯನ್ನು ಮಕ್ಕಳು ಮಣ್ಣಿನ ಜೊತೆಗೋ ನೆಲಕ್ಕೆ ಬಿದ್ದ ಹಣ್ಣಿನ ಜೊತೆಗೋ ನುಂಗಿದರೆ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ. ಭಾರತದಲ್ಲೂ, ಶ್ರೀಲಂಕಾದಲ್ಲೂ ಮಕ್ಕಳಲ್ಲಿ ಕಂಡದ್ದಿದೆ. ದೊಡ್ಡ ತೊಂದರೆ ಕೊಡುವುದಿಲ್ಲ. ಮಲದಲ್ಲಿ ಅಗಲವಾದ ಬಿಳಿ ತುಣುಕುಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ದಾರ ಅಲ್ಲ, ಪಟ್ಟಿ. ಮಾಮೂಲಿ ಜಂತುಹುಳದ ಮಾತ್ರೆಗೆ ಹೋಗುವುದಿಲ್ಲ, ಪ್ರಾಝಿಕ್ವಾಂಟೆಲ್ ಬೇಕು. ಅಂಥದ್ದು ಕಂಡರೆ ಟಾಯ್ಲೆಟ್ಟಿಗೆ ಸುರಿದು ನೀರು ಹಾಕಬೇಡಿ. ಒಂದು ಸಣ್ಣ ಬಾಟಲಿಯಲ್ಲಿ ಉಪ್ಪುನೀರಿಗೆ ಹಾಕಿ ಲ್ಯಾಬಿಗೆ ಕೊಡಿ. ಮೊಬೈಲಿನಲ್ಲಿ ಫೋಟೋ ಹೊಡೆದರೂ ಆಗುತ್ತದೆ, ಆದರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಹೊಡೆಯಿರಿ. ಇಲ್ಲದಿದ್ದರೆ ನನ್ನಂಥವರಿಗೆ ಅದು ಹುಳುವೋ ಶ್ಯಾವಿಗೆಯೋ ತಿಳಿಯುವುದಿಲ್ಲ.

ಹಣ್ಣಿನ ಸುದ್ದಿ ಬಂತಲ್ಲ. ಮಂಗ ಕಚ್ಚಿ ಬಿಸಾಡಿದ ಪೇರಳೆ, ಮಾವು ಮಕ್ಕಳಿಗೆ ಕೊಡಬೇಡಿ, ಕಚ್ಚಿದ ಬದಿ ಕತ್ತರಿಸಿ ತೆಗೆದರೂ ಬೇಡ. ಗೇರುಬೀಜ ಹೆಕ್ಕುವಾಗ ಮರದಡಿ ಮಂಗನ ಗಲೀಜು ಇದ್ದೇ ಇರುತ್ತದೆ, ಹೆಕ್ಕಿದ ಕೈಯಲ್ಲೇ ಗೇರುಹಣ್ಣು ಚೀಪಬಾರದು, ಅಷ್ಟೇ. ನನಗೆ ಹೆಚ್ಚು ಕಸಿವಿಸಿ ಆಗುವುದು ತಿಮರೆ, ಅಂದರೆ ಒಂದೆಲಗದ ವಿಷಯದಲ್ಲಿ. ಒದ್ದೆ ನೆಲದಲ್ಲಿ, ಬಾವಿಕಟ್ಟೆಯ ಬದಿಯಲ್ಲೇ ಅದು ಬೆಳೆಯುವುದು. ಹಸಿಯಾಗಿಯೇ ಅರೆದು ಚಟ್ನಿ, ತಂಬುಳಿ ಮಾಡುತ್ತೇವೆ. ತಿಮರೆ ಚಟ್ನಿ ತಿನ್ನಬೇಡಿ ಅಂತ ಉಡುಪಿ ಜಿಲ್ಲೆಯಲ್ಲಿ ಕೂತು ಹೇಳುವ ಧೈರ್ಯ ನನಗಿಲ್ಲ. ಮನೆಗೆ ಬೇಕಾದಷ್ಟನ್ನು ಎತ್ತರದ ಕುಂಡದಲ್ಲಿ, ಮೇಲೆ ಬಲೆ ಹಾಕಿ ಬೆಳೆಸಿ. ಕೊಯ್ದು ತಂದದ್ದನ್ನು ಒಂದೊಂದೇ ಎಲೆ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆಯಿರಿ. ಉಪ್ಪುನೀರಿನಲ್ಲಿ ಅದ್ದಿಟ್ಟರೆ ಮೊಟ್ಟೆ ಸಾಯುತ್ತದೆ ಅನ್ನುವುದು ನಂಬಿಕೆ ಮಾತ್ರ. ತೊಳೆದಾಗ ಉದುರಿ ಹೋಗಬೇಕು, ಸಾಯುವುದಿಲ್ಲ.

ಗಲೀಜು ತೆಗೆಯುವುದು ಹೇಗೆ? ಒಣ ಹಿಡಿಸೂಡಿಯಲ್ಲಿ ಬರಬರ ಗುಡಿಸಬೇಡಿ, ಪುಡಿ ಹಾರುತ್ತದೆ. ಅಡಿಕೆ ಹಾಳೆಯ ತುಂಡಿನಲ್ಲಿ ಎತ್ತಿ, ಹಾಳೆ ಸಮೇತ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಗುಂಡಿ ಬಾವಿಯಿಂದ ದೂರ ಇರಲಿ. ತರಕಾರಿಗೆ ಹಾಕುವ ಗೊಬ್ಬರದ ಜೊತೆ ಸೇರಿಸಬೇಡಿ. ಬಿದ್ದ ಜಾಗ ಸಿಮೆಂಟೋ ಕಲ್ಲೋ ಆದರೆ ಒಂದು ಚೆಂಬು ಕುದಿನೀರು ಹೊಯ್ಯಿರಿ. ಬೆಳಿಗ್ಗೆ ಅಂಗಳ ಗುಡಿಸುವಾಗಲೇ ಇದನ್ನೂ ಮಾಡಿದರೆ ಹತ್ತು ನಿಮಿಷದ ಕೆಲಸ. ಮಾಡಿಗೆ ದಿನಾ ಹತ್ತಲು ಆಗುವುದಿಲ್ಲ, ಅಲ್ಲಿ ಬಿಸಿಲೇ ನಿಮ್ಮ ಆಳು. ಹೆಂಚಿನ ಮೇಲಿನ ಏಪ್ರಿಲ್ ಬಿಸಿಲಿಗೆ ಕೊಕ್ಕೆಹುಳುವಿನ ಮರಿ ಉಳಿಯುವುದಿಲ್ಲ.

ಈಗ ಯಜಮಾನರ ಯೋಜನೆಗೆ ಬರೋಣ. ಮಂಗ ಹಿಡಿಸಿ ದೂರ ಬಿಟ್ಟರೆ ಹುಳು ಹೋಗುತ್ತದಾ? ಇಲ್ಲ. ಒಂದು ಗುಂಪು ಖಾಲಿಯಾದ ಜಾಗಕ್ಕೆ ಇನ್ನೊಂದು ಗುಂಪು ಬರುತ್ತದೆ, ನಿಮ್ಮ ಬಾಳೆಗೊನೆ ಅಲ್ಲೇ ಇದೆಯಲ್ಲ. ಹಿಡಿದು ಬಿಟ್ಟ ಮಂಗಗಳು ಹೊಸ ಊರಿಗೆ ತಮ್ಮ ಹುಳುಗಳನ್ನೂ ಒಯ್ಯುತ್ತವೆ. ಅರಣ್ಯ ಇಲಾಖೆಯನ್ನು ಕೇಳದೆ ಕಾಡುಪ್ರಾಣಿ ಹಿಡಿಸುವುದು ಕಾನೂನಿನ ತಾಪತ್ರಯ ಬೇರೆ. ಬಾಳೆಹಣ್ಣಿನ ಒಳಗೆ ಜಂತುಹುಳದ ಮಾತ್ರೆ ಇಟ್ಟು ಹಾಕುವ ಉಪಾಯವನ್ನೂ ಒಬ್ಬರು ನನ್ನಲ್ಲಿ ಕೇಳಿದ್ದರು. ದೊಡ್ಡ ಗಂಡು ಹತ್ತು ಮಾತ್ರೆ ನುಂಗುತ್ತದೆ, ಮರಿ ಇರುವ ಹೆಣ್ಣಿಗೆ ಒಂದೂ ಸಿಕ್ಕುವುದಿಲ್ಲ. ವಾರದಲ್ಲಿ ಅದೇ ಮಣ್ಣಿನಿಂದ ಮತ್ತೆ ಹುಳು ಹತ್ತುತ್ತದೆ. ಅರೆಬರೆ ಮದ್ದು ತಿಂದು ಉಳಿದ ಹುಳುಗಳಿಗೆ ಮದ್ದೇ ನಾಟದಂತಾಗುತ್ತದೆ. ಕುರಿ ಮೇಕೆಗಳಲ್ಲಿ ನಾವು ಇದೇ ತಪ್ಪು ಮಾಡಿ ಈಗ ಒದ್ದಾಡುತ್ತಿದ್ದೇವೆ.

ನಿಜ ಹೇಳಬೇಕೆಂದರೆ ಹುಳುವಿನ ವಿಷಯದಲ್ಲಿ ಮಂಗ ನಮ್ಮ ಮೇಲೆ ದೂರು ಕೊಡಬೇಕು. ಆನೆಮಲೆ ಬೆಟ್ಟದ ಸಿಂಗಳೀಕಗಳ ಮೇಲೆ ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮನುಷ್ಯರ ವಾಸ ಹತ್ತಿರ ಇರುವ ಕಾಡಿನ ತುಂಡುಗಳಲ್ಲಿ ಸಿಂಗಳೀಕಗಳ ಹೊಟ್ಟೆಯ ಪರಾವಲಂಬಿಗಳ ಹೊರೆ ಜಾಸ್ತಿ ಇತ್ತು. ಆಗುಂಬೆ ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು, ಚಕ್ಕುಲಿ, ಬಿಸ್ಕೆಟ್ ಹಾಕುವವರನ್ನು ನೀವೂ ನೋಡಿರುತ್ತೀರಿ. ಮಂಗಗಳು ಇಡೀ ದಿನ ಅದೇ ರಸ್ತೆ ಬದಿಯ ಒಂದಿಷ್ಟು ನೆಲದಲ್ಲೇ ಕೂರುತ್ತವೆ, ಅಲ್ಲೇ ತಿನ್ನುತ್ತವೆ, ಅಲ್ಲೇ ಗಲೀಜು ಮಾಡುತ್ತವೆ. ಕಾಡಿನಲ್ಲಿ ಆದರೆ ಇವತ್ತು ಈ ಮರ, ನಾಳೆ ಆ ಮರ. ಬೇಲಿ ಮರೆಗೆ ಮನುಷ್ಯರೂ ಕೂತು ಎದ್ದು ಹೋಗಿರುತ್ತಾರೆ. ಹಾಗೆ ಹುಳು ಹೊಟ್ಟೆ ತುಂಬಿಕೊಂಡ ಗುಂಪು ಆಮೇಲೆ ನಿಮ್ಮ ಮಾಡಿಗೆ ಬರುತ್ತದೆ. ಹೋಗುವಾಗ ಬರುವಾಗ ನಿಮ್ಮವರು ಯಾರಾದರೂ ಹಣ್ಣು ಹಾಕುವ ಅಭ್ಯಾಸ ಇದ್ದರೆ, ಮಂಗ ಹಿಡಿಯುವವರಿಗೆ ಕೊಡುವ ದುಡ್ಡಿಗಿಂತ ಅದನ್ನು ನಿಲ್ಲಿಸುವುದು ಅಗ್ಗ.

ಕೊನೆಯ ಪ್ರಶ್ನೆ, ಮಂಗನ ಕಾಯಿಲೆ. ಇದಕ್ಕೂ ಮಲಕ್ಕೂ ಸಂಬಂಧ ಇಲ್ಲ, ಹುಳಕ್ಕೂ ಸಂಬಂಧ ಇಲ್ಲ. ಹೆಸರು ಹಾಗೆ ಇಟ್ಟು ಎಲ್ಲರಿಗೂ ಗೊಂದಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ವೈರಸ್ ಜ್ವರ ಅದು. ಹರಡುವುದು ಉಣುಗು ಕಚ್ಚುವುದರಿಂದ. ಎಂಬತ್ತರ ದಶಕದ ಮೊದಲಿಗೆ ಬೆಳ್ತಂಗಡಿ ತಾಲೂಕಿನಲ್ಲಿ ಅದು ದೊಡ್ಡದಾಗಿ ಬಂದದ್ದು ಹಳಬರಿಗೆ ನೆನಪಿರಬಹುದು. ಮಂಗವೂ ನಮ್ಮ ಹಾಗೆ ಅದರಿಂದ ಸಾಯುವ ಪ್ರಾಣಿ. ಡಿಸೆಂಬರಿನಿಂದ ಮೇ ತನಕ ತೋಟದಲ್ಲೋ ಕಾಡಿನಲ್ಲೋ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ. ಸತ್ತ ಮಂಗವನ್ನು ಬಿಟ್ಟು ಉಣುಗುಗಳು ಆ ನೆಲದಲ್ಲೇ ಹರಡಿರುತ್ತವೆ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಹೇಳಿ. ತರಗೆಲೆ ತರಲು ಕಾಡಿಗೆ ಹೋಗುವವರು ಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಲಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಲಿ. ಹಾಗೆಯೇ ಮಂಗ ಕಚ್ಚಿದರೆ, ಪರಚಿದರೆ ಹುಳುವಿನ ಯೋಚನೆ ಬಿಡಿ, ಅಲ್ಲಿ ಇರುವುದು ರೇಬೀಸ್ ಭಯ. ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ.

ಮಗನಿಗೆ ಅಂಗನವಾಡಿಯಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಆಲ್ಬೆಂಡಝೋಲ್ ಮಾತ್ರೆ ಕೊಡುತ್ತಾರೆ. 2015ರಿಂದ ದೇಶದಲ್ಲಿ ನಡೆದು ಬಂದ ಕಾರ್ಯಕ್ರಮ ಅದು, 1ರಿಂದ 19 ವರ್ಷದವರಿಗೆ. ತಪ್ಪಿಸಬೇಡಿ. ನೀವು ಈಗ ಡಾಕ್ಟರ ಹತ್ತಿರ ಮಾತ್ರೆ ಬರೆಸಿಕೊಳ್ಳುವಾಗ, ಅಂಗನವಾಡಿಯಲ್ಲಿ ಯಾವಾಗ ಕೊಟ್ಟಿದ್ದರು ಅಂತ ದಿನಾಂಕ ಹೇಳಿ, ಲೆಕ್ಕ ಮಾಡಲು ಅವರಿಗೆ ಸುಲಭ. ಅಂಗನವಾಡಿ ಟೀಚರ್ ಹತ್ತಿರ ಬೇರೆ ಮಕ್ಕಳಿಗೂ ತುರಿಕೆ ಇದೆಯಾ ಅಂತ ಒಮ್ಮೆ ಕೇಳಿ. ಅತ್ತೆಯವರ ಪರೀಕ್ಷೆಗೆ ಮಾತ್ರ ಅಡಿಕೆ ಕೊಯ್ಲು ಮುಗಿಯಲಿ ಅಂತ ಕಾಯಬೇಡಿ, ಈ ವಾರವೇ ಕರೆದುಕೊಂಡು ಹೋಗಿ.